ಕಸುಬಿನ ಇಪ್ಪತ್ತೈದು ನಂಬರು

ನಾನು ಮಿಡ್ಲ್ ಸ್ಕೂಲಿನ ಕೊನೆಯ ತರಗತಿಯಲ್ಲಿದ್ದ ವರ್ಷ ನಮ್ಮೂರಿಂದ ನಡೆದು ಹೋಗುತ್ತಿದ್ದ ಮಳವಳ್ಳಿಯ ಶಾಲೆಯಲ್ಲಿ ಹೊಸದೊಂದು ಕಾನೂನು ಬಂತು. ಮನೆಯಲ್ಲಿ ಯಾವುದಾದರೂ ಒಂದು ಕಸುಬನ್ನು ಕೈಯಾರೆ ಮಾಡಬೇಕು, ಮಾಡಿದ್ದನ್ನು ದಿನವೂ ಒಂದು ಪುಸ್ತಕದಲ್ಲಿ ಬರೆಯಬೇಕು, ಕೊನೆಗೆ ಊರಿನ ಪಟೇಲರು ‘ಈ ವಿದ್ಯಾರ್ಥಿ ಸ್ವತಃ ಮಾಡಿದ್ದು ನಿಜ’ ಎಂದು ಸಹಿ ಹಾಕಬೇಕು. ಹಾಗೆ ಮಾಡಿದವರಿಗೆ ಲೋಯರ್ ಸೆಕೆಂಡರಿ ಪರೀಕ್ಷೆಯ ಮೊತ್ತಕ್ಕೆ ಇಪ್ಪತ್ತೈದು ನಂಬರಿನವರೆಗೆ ಸೇರುತ್ತಿತ್ತು. ಹೆಡ್‌ಮಾಸ್ತರರು ಇದನ್ನು ಓದಿ ಹೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದನ ಮೇಯಿಸುವುದಕ್ಕೂ ನಂಬರು ಕೊಡುತ್ತೀರಾ ಸಾರ್ ಎಂದು ಕೇಳಿದವನೊಬ್ಬ ಬೆತ್ತದ ಏಟು ತಿಂದ. ಕುಂಬಾರರ ಹುಡುಗ ಮಡಕೆ ಎಂದು ಬರೆಸಿದ. ಆಲೆಮನೆಯವರ ಮಗ ಬೆಲ್ಲ ಎಂದು ಬರೆಸಿದ. ನಾನು ರೇಷ್ಮೆಹುಳು ಎಂದು ಬರೆಸಿದೆ.

ಆ ಇಪ್ಪತ್ತೈದು ನಂಬರು ಉಳಿದವರಿಗೆ ಹಬ್ಬದೂಟದ ಜೊತೆ ಸಿಕ್ಕ ಇನ್ನೊಂದು ಒಬ್ಬಟ್ಟು. ನನಗೆ ಅದೇ ಊಟ. ಗಣಿತ ನನ್ನ ತಲೆಗೆ ಹತ್ತುತ್ತಿರಲಿಲ್ಲ, ಆ ನಂಬರು ಸಿಗದಿದ್ದರೆ ಪಾಸಾಗುವ ಹಾಗಿರಲಿಲ್ಲ. ಇನ್ನೊಂದು ವರ್ಷ ಕೂತು ಓದೋಣವೆಂದರೆ ಆ ಇನ್ನೊಂದು ವರ್ಷ ನನಗಿರಲಿಲ್ಲ. ‘ದೊಡ್ಡೋಳಾಗೋಗಂಟ ಓದ್ಲಿ, ಆಮೇಲೆ ಮಾವುನ್ ಮನೆ’ ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ. ಮಾವ ಎಂದರೆ ಅವ್ವನ ತಮ್ಮ. ನನ್ನನ್ನು ತೊಟ್ಟಿಲಲ್ಲಿ ನೋಡಿದಾಗಲೇ ಅವನಿಗೆ ಮೀಸೆ ಬಂದಿತ್ತು. ಕೆಟ್ಟವನೇನೂ ಅಲ್ಲ. ಅವನು ಬಂದು ಜಗಲಿಯ ಮೇಲೆ ಕೂತರೆ ನನಗೆ ಅನ್ನ ಸೇರುತ್ತಿರಲಿಲ್ಲ, ಅಷ್ಟೆ. ನಮ್ಮ ಕಡೆ ಹುಡುಗಿ ಮೈನೆರೆದರೆ ಸೋದರಮಾವನೇ ಹಸಿ ಸೊಪ್ಪು ತಂದು ಗುಡ್ಲು ಹಾಕಿ ಅದರಲ್ಲಿ ಅವಳನ್ನು ಕೂರಿಸಬೇಕು. ಆ ಗುಡ್ಲಿಗೆ ಹೋದವಳು ಮತ್ತೆ ಶಾಲೆಯ ಹಾದಿ ಹಿಡಿದದ್ದನ್ನು ನಾನು ನಮ್ಮೂರಲ್ಲಿ ಕಂಡಿರಲಿಲ್ಲ. ಆದರೆ ಲೋಯರ್ ಸೆಕೆಂಡರಿ ಪಾಸಾದ ಹುಡುಗಿಗೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಗುತ್ತದೆ, ಪಾಸಾದರೆ ನಿಮ್ಮಪ್ಪನ ಹತ್ತಿರ ನಾನೇ ಮಾತಾಡುತ್ತೇನೆ ಎಂದು ಹೆಡ್‌ಮಾಸ್ತರರು ನನಗೆ ಹೇಳಿದ್ದರು. ಹಾಗಾಗಿ ನಾನು ದೊಡ್ಡವಳಾಗುವುದರೊಳಗೆ ಪಾಸಾಗಬೇಕಿತ್ತು. ದಿನಾ ಬೆಳಗ್ಗೆ ಎದ್ದು ಮೈ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಕಸುಬಿನ ಸುದ್ದಿ ಕೇಳಿ ಅವ್ವ ನಕ್ಕಳು. ‘ನಾ ಈ ಮನೆಗೆ ಬಂದಾಗ್ಲಿಂದ ಉಳ ಮೇಯಿಸ್ತಿವ್ನಿ. ನಂಗೆಷ್ಟು ನಂಬ್ರು ಕೊಟ್ಟಾರು ಕೇಳಮ್ಮಿ ನಿಮ್ಮೇಷ್ಟ್ರ.’ ನಕ್ಕವಳು ಬಿರಬಿರನೆ ಒಳಗೆ ನಡೆದಳು. ಅವಳಿಗೆ ಸಿಟ್ಟೂ ಬಂದಿತ್ತೆಂದು ಈಗ ಅನ್ನಿಸುತ್ತದೆ.

ನನಗೆ ಹುಳು ಸಾಕುವುದನ್ನು ಕಲಿಸಿದವಳು ಅವ್ವ ಅಲ್ಲ, ಅತ್ತಿಗೆ. ಅಣ್ಣನ ಹೆಂಡತಿ. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಕಡೆಯ ಹುಡುಗಿ, ನನಗಿಂತ ಐದಾರು ವರ್ಷ ದೊಡ್ಡವಳು. ಮದುವೆಯಾಗಿ ಮೂರು ವರ್ಷ ಕಳೆದಿತ್ತು, ಮಕ್ಕಳಾಗಿರಲಿಲ್ಲ. ಅದಕ್ಕೇ ಅವ್ವನಿಗೆ ಅವಳು ನಿಂತರೂ ತಪ್ಪು, ಕೂತರೂ ತಪ್ಪು. ತವರಲ್ಲಿ ಹುಳು ಸಾಕಿದವಳಲ್ಲ, ಆದರೂ ನಮ್ಮ ಮನೆಗೆ ಬಂದು ಒಂದೇ ವರ್ಷದಲ್ಲಿ ಅವ್ವನನ್ನು ಮೀರಿಸಿದ್ದಳು. ಹುಳುವಿನ ಕೋಣೆಗೆ ಸ್ನಾನ ಮಾಡಿಯೇ ಹೋಗಬೇಕು, ಬಾಗಿಲಲ್ಲಿ ಚೆಲ್ಲಿದ ಬೂದಿ ತುಳಿದೇ ಒಳಗೆ ಕಾಲಿಡಬೇಕು, ಒಗ್ಗರಣೆಯ ಹೊಗೆ ಆ ಕಡೆ ಸುಳಿಯಬಾರದು, ಒದ್ದೆ ಸೊಪ್ಪು ಹಾಕಬಾರದು. ಎಲ್ಲಕ್ಕಿಂತ ದೊಡ್ಡ ಕಟ್ಟು, ಮುಟ್ಟಾದ ಹೆಂಗಸು ಕೋಣೆಯ ಹೊಸ್ತಿಲು ದಾಟಬಾರದು. ದಾಟಿದರೆ ಬಿದಿರಿನ ತಟ್ಟೆಯಲ್ಲಿರುವ ಹುಳು ತಟ್ಟೆಗೆ ತಟ್ಟೆಯೇ ಸಾಯುತ್ತದೆ ಎಂದು ಊರಿಗೆ ಊರೇ ನಂಬಿತ್ತು. ನಾನೂ ನಂಬಿದ್ದೆ, ಅತ್ತಿಗೆಯೂ ನಂಬಿದ್ದಳು.

ಆ ಸಲ ಅಪ್ಪ ಮೊಟ್ಟೆಯನ್ನು ಸಂತೆಯಲ್ಲಿ ಯಾರಿಂದಲೋ ತಂದ. ಸರ್ಕಾರದವರು ಪರೀಕ್ಷೆ ಮಾಡಿದ ಮೊಟ್ಟೆ ಬೇಕೆಂದರೆ ಸರದಿಗೆ ಕಾಯಬೇಕಿತ್ತು. ಯುದ್ಧದ ಕಾಲ, ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ, ಆಕಾಶದಿಂದ ಸೋಜರು ಇಳಿಯುವ ಕೊಡೆಗೆ ನಮ್ಮೂರ ನೂಲು ಹೋಗುತ್ತದೆ ಎಂದು ಅಪ್ಪ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ. ಕಾಯುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಹುಳು ಒಡೆದ ದಿನದಿಂದ ನಾನು ಪುಸ್ತಕ ಬರೆಯತೊಡಗಿದೆ. ಏನು ಬರೆದೆ ಎಂದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ‘ನಾನು ಬೆಳಗಿನ ಜಾವ ಸೊಪ್ಪನ್ನು ಕೊಯ್ದೆನು.’ ಕೊಯ್ದವಳು ಅತ್ತಿಗೆ. ‘ನಾನು ಸೊಪ್ಪನ್ನು ಸಣ್ಣಗೆ ಹೆಚ್ಚಿ ಹರಡಿದೆನು.’ ಹೆಚ್ಚಿದವಳು ಅವಳು, ಅವಳು ಕೈ ಹಿಡಿದು ತೋರಿಸಿದ ಮೇಲೆ ಒಂದು ತಟ್ಟೆಗೆ ಹರಡಿದವಳು ನಾನು. ಶಾಲೆಗೆ ಹೋಗಿ ಬರುವುದರೊಳಗೆ ಅರ್ಧ ಕೆಲಸ ಮುಗಿದಿರುತ್ತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ಕೂರುತ್ತಿದ್ದಳು. ‘ನಾ ಏಳಿದ್ದು ಬರ್ದ್ಯಾ? ಓದು ವಸಿ, ಕೇಳನ.’ ನಾನು ಓದುತ್ತಿದ್ದೆ. ‘ನಾನು, ನಾನು’ ಎಂದು ಇರುವುದನ್ನು ಕೇಳಿಯೂ ಅವಳು ಏನೂ ಅನ್ನುತ್ತಿರಲಿಲ್ಲ. ತಾನು ಬಾಯಲ್ಲಿ ಹೇಳಿದ್ದು ಕಾಗದದಿಂದ ವಾಪಸು ಬರುತ್ತದಲ್ಲ, ಅದೇ ಅವಳಿಗೆ ಸೋಜಿಗ.

ಒಂಬತ್ತನೆಯ ದಿನ ಅವಳು ಒಂದು ತಟ್ಟೆಯ ಮುಂದೆ ಬಹಳ ಹೊತ್ತು ಬಗ್ಗಿ ನಿಂತಿದ್ದಳು. ಹುಳು ಪೊರೆ ಬಿಡುವ ಮುನ್ನ ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ, ಅದನ್ನು ನಮ್ಮವರು ಜ್ವರ ಎನ್ನುತ್ತಾರೆ. ಅಂಥ ಜ್ವರ ನಾಲ್ಕು. ಎರಡನೆಯದು ಆಗಷ್ಟೇ ಮುಗಿದಿತ್ತು.

‘ಯಾಕೋ ಈ ಸಲ ಒಂದೇ ಸಮ ಇಲ್ಲ ಕಣವ್ವ. ಒಂದಷ್ಟು ದಪ್ಪ ಅವೆ, ಒಂದಷ್ಟು ಬೆಳ್ದೇ ಇಲ್ಲ. ಬರ್ಕೋ ಅದ್ನೂವೆ’ ಎಂದಳು.

ಬರೆದುಕೊಂಡೆ. ‘ಹುಳುಗಳು ಒಂದೇ ಸಮನಾಗಿ ಬೆಳೆದಿಲ್ಲವೆಂದು ನಾನು ಕಂಡೆನು.’

ನಾಲ್ಕನೆಯ ಜ್ವರವೂ ಕಳೆದು ಹುಳು ಗಬಗಬನೆ ತಿನ್ನುವ ದಿನ ಬಂತು. ಆ ದಿನಗಳಲ್ಲಿ ಎಷ್ಟು ಸೊಪ್ಪು ತಂದು ಸುರಿದರೂ ಸಾಲದು. ಶಾಲೆಗೆ ರಜ ಹಾಕಿ ನಾನೂ ಅತ್ತಿಗೆಯ ಜೊತೆ ಹಿಪ್ಪುನೇರಳೆ ತೋಟಕ್ಕೆ ಹೋಗಿದ್ದೆ. ನಡು ಮಧ್ಯಾಹ್ನ ಸೊಪ್ಪಿನ ಹೊರೆ ಎತ್ತಲು ಬಗ್ಗಿದಾಗ ನನ್ನ ಲಂಗದ ಹಿಂದೆ ಕಲೆಯಾಗಿರುವುದನ್ನು ಅವಳು ನೋಡಿದಳು. ಹೊರೆ ಕೆಳಗಿಳಿಸಿದಳು. ನನಗೆ ಏನಾಯಿತೆಂದು ಹೇಳಬೇಕಾಗಿರಲಿಲ್ಲ. ಅಲ್ಲೇ ಬದುವಿನ ಮೇಲೆ ಕುಸಿದು ಕೂತು ಅತ್ತೆ. ನೋವಿಗಲ್ಲ, ಪರೀಕ್ಷೆಗೆ ಇನ್ನು ಒಂದೂವರೆ ತಿಂಗಳಿತ್ತು, ಅದಕ್ಕೆ.

ಅವಳು ತನ್ನ ಸೆರಗಿನ ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದು ಬಟ್ಟೆ ಮಾಡಿ ಕೊಟ್ಟಳು. ಲಂಗವನ್ನು ಕಾಲುವೆಯಲ್ಲಿ ತಾನೇ ಒಗೆದು ಬೇಲಿಯ ಮೇಲೆ ಒಣಗಿಸಿದಳು. ಅದು ಒಣಗುವವರೆಗೆ ನಾನು ಸೊಪ್ಪಿನ ಮರೆಯಲ್ಲಿ ಅವಳ ಪಕ್ಕ ಅವಳ ಸೆರಗು ಸುತ್ತಿಕೊಂಡು ಕೂತಿದ್ದೆ.

‘ಪರೀಕ್ಸೆ ಆಗೋಗಂಟ ಬಾಯಿ ಬುಡಬ್ಯಾಡ. ನಾನೂ ಬುಡಾಕಿಲ್ಲ. ಮನೇಲಿ ಒಬ್ಳಾರ ಕಾಗ್ದ ಓದಂಗಾಗ್ಲಿ. ಆದ್ರೆ ಉಳದ ಕ್ವಾಣೆ ಒಳೀಕೆ ಮಾತ್ರ ಓಗ್ಬ್ಯಾಡ ನನ್ನವ್ವ. ಎಲ್ಲಾನೂ ನಾ ಮಾಡ್ತೀನಿ, ನೀ ಆಚ್ಲಾಗಿ ಕುಂತು ಬರ್ಕೋ.’

ಒಂದು ದಿನ ಹಾಗೇ ನಡೆಯಿತು. ಎರಡನೆಯ ದಿನ ಅತ್ತಿಗೆ ತೋಟಕ್ಕೆ ಹೋಗಿದ್ದಾಗ ಅವ್ವ ಕೋಣೆಯೊಳಗಿಂದ ಕೂಗಿದಳು, ತಟ್ಟೆ ಬದಲಿಸಬೇಕು, ಬಂದು ಹಿಡಿದುಕೋ ಎಂದು. ತಲೆನೋವು ಎಂದೆ. ಓದಿ ಓದಿ ಸೋಮಾರಿಯಾಗಿದ್ದೀಯ ಎಂದು ಬೈದಳು. ಆಮೇಲೆ ಬಾಗಿಲಿಗೆ ಬಂದು ನನ್ನ ಮುಖವನ್ನೇ ನೋಡಿದಳು. ಇನ್ನೊಂದು ಸಲ ಇಲ್ಲ ಎಂದಿದ್ದರೆ ಅವಳಿಗೆ ತಿಳಿದುಹೋಗುತ್ತಿತ್ತು. ನಾನು ಬೂದಿ ತುಳಿದು ಒಳಗೆ ಹೋದೆ. ಹಿಕ್ಕೆ ಕೊಡವಿದೆ, ಹುಳುಗಳನ್ನು ಬೊಗಸೆಯಲ್ಲಿ ಎತ್ತಿ ಬೇರೆ ತಟ್ಟೆಗೆ ಬಿಟ್ಟೆ. ಅವು ತಣ್ಣಗೆ ನನ್ನ ಬೆರಳು ಹಿಡಿದುಕೊಳ್ಳುತ್ತಿದ್ದವು. ಮನಸ್ಸಿನಲ್ಲೇ ಅವುಗಳ ಕ್ಷಮೆ ಕೇಳುತ್ತಿದ್ದೆ.

ಅದಾದ ಮೂರನೆಯ ದಿನ ಹುಳು ಸೊಪ್ಪು ಬಿಟ್ಟವು. ನಾಲ್ಕನೆಯ ದಿನ ಮೈಮೇಲೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಎದ್ದಿತು. ಆಮೇಲೆ ಸತ್ತವನ್ನು ಎಣಿಸುವ ಹಾಗಿರಲಿಲ್ಲ. ಹುಳು ಗೂಡು ಕಟ್ಟಲೆಂದು ತಂದಿಟ್ಟಿದ್ದ ಬಿದಿರಿನ ಚಂದ್ರಂಕಿಗಳು ಗೋಡೆಗೆ ಒರಗಿಕೊಂಡೇ ಇದ್ದವು. ಅಪ್ಪ ಅಣ್ಣ ಇಬ್ಬರೂ ಕುಕ್ಕೆಗಳಲ್ಲಿ ಸತ್ತ ಹುಳು ಹೊತ್ತು ತಿಪ್ಪೆಯ ಆಚೆ ಗುಂಡಿ ತೋಡಿ ಹುಗಿದರು. ಮನೆಯಲ್ಲಿ ಒಲೆ ಹಚ್ಚಲಿಲ್ಲ. ಸಾವಾದ ಮನೆಯಲ್ಲೂ ಪಕ್ಕದವರು ಒಂದು ಹಿಡಿ ಹಿಟ್ಟು ತಂದುಕೊಡುತ್ತಾರೆ, ಆ ದಿನ ತಮ್ಮ ಹುಳುವಿಗೂ ತಗಲೀತೆಂದು ಯಾರೂ ನಮ್ಮ ಬಾಗಿಲ ಕಡೆ ಬರಲಿಲ್ಲ. ಕೊಳೆತ ವಾಸನೆ ನನ್ನ ಪುಸ್ತಕದಲ್ಲೂ ಹತ್ತಿಕೊಂಡಿತ್ತು.

ಮಾರನೆಯ ಬೆಳಗ್ಗೆ ಅವ್ವ ಖಾಲಿ ಕೋಣೆಯ ಬಾಗಿಲಲ್ಲಿ ನಿಂತು ವಿಚಾರಣೆ ಶುರು ಮಾಡಿದಳು. ಅಪ್ಪ, ಅಣ್ಣ ಜಗಲಿಯ ಮೇಲಿದ್ದರು. ನಾನು ಕಂಬದ ಪಕ್ಕ, ಅತ್ತಿಗೆ ಒರಳಿನ ಪಕ್ಕ.

‘ಮೈಲ್ಗೆ ಆಗ್ದೆ ಇಂಗಾಗಾಕಿಲ್ಲ. ಈ ಮನೇಲಿರೋವು ಮೂರು ಎಣ್ಣು. ನಂದು ನಿಂತು ಎರಡು ವರ್ಸ ಆಯ್ತು. ಇವ್ಳು ಇನ್ನೂ ಕೂಸು. ಮಿಕ್ಕೋಳು ಯಾರು? ನೀನೇ ಬಾಯಿ ಬುಡು.’

‘ನಾನಲ್ಲ ಅತ್ತೆಮ್ಮ. ನಾ ಒರಗಾಗಿ ಎದ್ದು ಅದ್ನೈದು ದಿನ ಆಯ್ತು. ನಿಮ್ಗೇ ಗೊತ್ತಲ್ಲ.’

‘ಅಂಗಾರೆ ಯಾರು? ನಾನಾ? ಈ ಕೂಸಾ?’

ಅವ್ವ ನನ್ನ ಕಡೆ ಕೈ ತೋರಿಸಿದಳು. ತೋರಿಸಿದವಳು ಕೈಯನ್ನು ಇಳಿಸದೆ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಏನೋ ಹೊಳೆಯತೊಡಗಿತು, ಆ ತಲೆನೋವಿನ ದಿನ ನೆನಪಾಗುತ್ತಿತ್ತೋ ಏನೋ. ಅತ್ತಿಗೆಯೂ ನನ್ನನ್ನು ನೋಡಿದಳು. ನಾನು ಒಳಗೆ ಹೋಗಿದ್ದೆನೆಂದು ಅವಳಿಗೆ ಆಗ ತಿಳಿಯಿತು. ನಾನೇ ಹುಳುಗಳನ್ನು ಕೊಂದೆ ಎಂದು ಅವಳು ಆ ಗಳಿಗೆಯಲ್ಲಿ ನಂಬಿದಳು, ನಾನು ನಂಬಿದಷ್ಟೇ ಗಟ್ಟಿಯಾಗಿ.

‘ನಾನೇ ಅತ್ತೆಮ್ಮ’ ಎಂದಳು. ‘ಈ ಸಲ ಮುಂಚಿತ್ವಾಗಿ ಆಯ್ತು. ಕೆಲ್ಸ ನಿಲ್ತದೆ ಅಂತ ಏಳ್ನಿಲ್ಲ.’

ಅವ್ವ ಅವಳಿಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಅಣ್ಣನ ಕಡೆ ತಿರುಗಿ, ಇವಳನ್ನು ಇವತ್ತೇ ತವರಿಗೆ ಬಿಟ್ಟು ಬಾ ಎಂದಳು. ಅಣ್ಣ ಬಾಯಿ ತೆರೆಯಲಿಲ್ಲ. ಅವನು ಹುಟ್ಟಿದಾಗಿನಿಂದ ಯಾವತ್ತು ತೆರೆದಿದ್ದ? ನಾನೂ ತೆರೆಯಲಿಲ್ಲ. ಹದಿನಾಲ್ಕು ವರ್ಷದ ಹುಡುಗಿ, ಏನು ತಿಳಿದೀತು ಎಂದು ಹೇಳಿ ಈಗ ತಪ್ಪಿಸಿಕೊಳ್ಳಬಹುದು. ಹದಿನಾಲ್ಕಕ್ಕೆ ಎಲ್ಲವೂ ತಿಳಿಯುತ್ತದೆ. ಅವಳು ಬಟ್ಟೆಗಂಟು ಹಿಡಿದು ಅಂಗಳ ದಾಟುವಾಗ ‘ಪಟೇಲ್ರ ಸಯ್ಯಿ ಮರೀಬ್ಯಾಡ’ ಎಂದು ನನಗೆ ಮಾತ್ರ ಕೇಳಿಸುವ ಹಾಗೆ ಹೇಳಿ ಹೋದಳು.

ಪಟೇಲರು ಸಹಿ ಹಾಕಿದರು. ನಾನು ಸ್ವತಃ ಮಾಡಿದ್ದು ನಿಜ ಎಂದು.

ಎರಡು ವಾರವಾದ ಮೇಲೆ ಕಸುಬಿನ ಪುಸ್ತಕ ನೋಡಲು ರೇಷ್ಮೆಯ ಇನ್‌ಸ್ಪೆಕ್ಟರರೊಬ್ಬರು ಶಾಲೆಗೆ ಬಂದರು. ಬೆಳೆಯೇ ಹಾಳಾದವಳಿಗೆ ನಂಬರು ಎಲ್ಲಿಂದ ಬರಬೇಕು ಎಂದು ನಾನು ಆಸೆ ಬಿಟ್ಟೇ ನಿಂತಿದ್ದೆ. ಹುಳು ಸತ್ತ ಕಾರಣ ಬರೆಯುವ ಕಡೆ ‘ಮೈಲಿಗೆಯಿಂದ’ ಎಂದು ಬರೆದಿದ್ದೆ. ಅವರು ಅದನ್ನು ಓದಿ ನಗಲಿಲ್ಲ, ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದರು. ಪುಟಗಳನ್ನು ಹಿಂದಕ್ಕೆ ತಿರುವುತ್ತಾ ಒಂಬತ್ತನೆಯ ದಿನದಲ್ಲಿ ನಿಂತರು.

‘ಒಂದೇ ಸಮ ಬೆಳೆದಿಲ್ಲ ಅಂತ ಆಗಲೇ ನೋಡಿದ್ದೀಯಲ್ಲಮ್ಮ! ಮೊಟ್ಟೆ ಎಲ್ಲಿಯದು?’

‘ಅಪ್ಪ ಸಂತೇಲಿ ತಂದಿದ್ದು ಸಾರ್.’

ಪುಸ್ತಕದ ಜೊತೆ ತೋರಿಸಲೆಂದು ನಾನು ಬೂದಿಯಲ್ಲಿಟ್ಟು ತಂದಿದ್ದ ನಾಲ್ಕು ಸತ್ತ ಹುಳುಗಳಲ್ಲಿ ಒಂದನ್ನು ಅವರು ನೀರಿನಲ್ಲಿ ಅರೆದು ಗಾಜಿಗೆ ಸವರಿ, ತಾವು ತಂದಿದ್ದ ಹಿತ್ತಾಳೆಯ ಸೂಕ್ಷ್ಮದರ್ಶಕದ ಕೆಳಗಿಟ್ಟರು. ನನ್ನನ್ನೂ ನೋಡು ಎಂದರು. ಸಣ್ಣ ಸಣ್ಣ ಅಕ್ಕಿಕಾಳಿನಂಥವು ಹೊಳೆಯುತ್ತಿದ್ದವು.

‘ಇದು ಗಂಟುರೋಗ. ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಬರುತ್ತದೆ. ಆ ಹುಳುಗಳು ಸಾಯುವುದಕ್ಕೇ ಹುಟ್ಟಿದ್ದವು. ಯಾರು ಮುಟ್ಟಿದರೂ ಅಷ್ಟೇ, ಮುಟ್ಟದಿದ್ದರೂ ಅಷ್ಟೇ. ಬೆಳೆ ಬಂದವರು ಯಾರೂ ಇಷ್ಟು ಚೆನ್ನಾಗಿ ಬರೆದಿಲ್ಲ. ಕಣ್ಣು ಚುರುಕಾಗಿದೆ ನಿನ್ನದು.’

ಕಣ್ಣು ಯಾರದೆಂದು ನಾನು ಹೇಳಲಿಲ್ಲ. ನಂಬರು ಬಂತು.

ಮಳವಳ್ಳಿಯಿಂದ ಊರಿನವರೆಗೂ ಓಡಿದೆ. ಅಪ್ಪ ಕಣದಲ್ಲಿ ಹುಲ್ಲು ಮೆದೆ ಹಾಕುತ್ತಿದ್ದ. ಉಸಿರು ಹಿಡಿದುಕೊಂಡು ಎಲ್ಲ ಹೇಳಿದೆ. ಮೊಟ್ಟೆಯಲ್ಲೇ ರೋಗ ಇತ್ತಂತೆ, ಅತ್ತಿಗೆಯದೇನೂ ತಪ್ಪಿಲ್ಲವಂತೆ, ಅಣ್ಣನನ್ನು ಕಳಿಸು, ಕರಕೊಂಡು ಬರಲಿ ಎಂದೆ.

ಅಪ್ಪನ ಮುಖ ಗಂಟಾಯಿತು. ‘ಮೊಟ್ಟೆ ತಂದೋನು ನಾನು. ಅಂಗಾರೆ ತಪ್ಪು ನಂದಾ? ಇನಿಸ್ಪೆಕ್ಟ್ರು ಕಂಡವ್ನಾ ನಮ್ಮನೇನ? ಅವಳೇ ಅವ್ಳ ಬಾಯಲ್ಲಿ ಒಪ್ಕಂಡವ್ಳೆ. ಅದಕ್ಕಿಂತಾ ಸಾಕ್ಸಿ ಬೇಕಾ?’

ಅಲ್ಲಿಗೆ ಅತ್ತಿಗೆಯ ದಾರಿ ಮುಚ್ಚಿತು. ನನ್ನನ್ನು ಉಳಿಸಲು ಅವಳು ಆಡಿದ ಸುಳ್ಳೇ ಅವಳ ಮೇಲೆ ಸಾಕ್ಷಿಯಾಗಿ ನಿಂತಿತ್ತು. ಅದನ್ನು ಬಿಡಿಸುವ ಶಕ್ತಿ ಲೋಕದಲ್ಲಿ ಒಬ್ಬರಿಗೇ ಇತ್ತು. ಮುಟ್ಟಾದವಳು ಅವಳಲ್ಲ ಅಪ್ಪ, ನಾನು. ಇಷ್ಟು ಹೇಳಬೇಕಿತ್ತು. ಕಣದಲ್ಲಿ ಅಪ್ಪನ ಮುಂದೆ ನಿಂತಿದ್ದಾಗ ಆ ಮಾತು ನಾಲಗೆಯ ತುದಿಗೆ ಬಂದಿತ್ತು. ಪರೀಕ್ಷೆಗೆ ಇನ್ನು ಹದಿನೆಂಟು ದಿನವಿತ್ತು. ಹದಿನೆಂಟು ದಿನ ಕಳೆಯಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ.

ಪರೀಕ್ಷೆ ಮುಗಿದ ವಾರದಲ್ಲಿ, ಆಗಷ್ಟೇ ಆಯಿತೆನ್ನುವ ಹಾಗೆ, ಅವ್ವನಿಗೆ ನನ್ನ ಸುದ್ದಿ ಹೇಳಿದೆ. ಮಾವ ಸೊಪ್ಪು ತಂದು ಗುಡ್ಲು ಹಾಕಿದ. ಅದರೊಳಗೆ ಕೂತು ಎಳ್ಳು ಬೆಲ್ಲದ ಚಿಗಳಿ ತಿನ್ನುತ್ತಾ, ಈಗ ಹೇಳಿದರೆ ಮೊದಲಿನದೆಲ್ಲ ಸುಳ್ಳೆಂದು ತಿಳಿದು ಮನೆಯಿಂದಾಚೆ ಹಾಕುತ್ತಾರೆ, ಫಲಿತಾಂಶ ಬರಲಿ ಎಂದುಕೊಂಡೆ. ಪಾಸಾದೆ. ಹೆಡ್‌ಮಾಸ್ತರರು ಮಾತು ಉಳಿಸಿಕೊಂಡು ಅಪ್ಪನ ಹತ್ತಿರ ಬಂದು ಮಾತಾಡಿದರು. ಕೆಲಸದ ಆರ್ಡರು ಬರಲಿ ಎಂದುಕೊಂಡೆ. ಆರ್ಡರು ಬಂತು. ಅಷ್ಟರಲ್ಲಿ ಮಾವ ಬೇರೆ ಹುಡುಗಿಯನ್ನು ನೋಡಿಕೊಂಡಿದ್ದ, ಅಣ್ಣನಿಗೂ ಎರಡನೆಯ ಮದುವೆ ಗೊತ್ತಾಗಿತ್ತು. ಆ ಮದುವೆಯಲ್ಲಿ ನಾನು ಹೊಸ ಸೀರೆ ಉಟ್ಟು ಎಲೆ ಹಾಕಿದೆ.

ತವರಿಗೆ ಹೋದ ಹೆಣ್ಣನ್ನು ಗಂಡನ ಮನೆಯವರು ಬಂದು ಕರೆದರೆ ಮಾತ್ರ ಅವಳು ವಾಪಸು ಬರಬಹುದು. ಯಾರೂ ಹೋಗಲಿಲ್ಲ. ನಾನು ಹೋಗಬಹುದಿತ್ತು. ಮಂಡ್ಯದ ಹತ್ತಿರ ಒಂದು ಊರಲ್ಲಿ ನಾಲ್ಕು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಬರೆಸುತ್ತಿದ್ದೆ. ಭಾನುವಾರಗಳೂ ಇದ್ದವು, ಇದ್ದಿಲಿನ ಹೊಗೆ ಉಗುಳಿಕೊಂಡು ಮದ್ದೂರಿಗೆ ಬಸ್ಸೂ ಹೋಗುತ್ತಿತ್ತು.

ಸ್ವಾತಂತ್ರ್ಯ ಬಂದ ವರ್ಷ ನನಗೆ ಚಿಕ್ಕರಸಿನಕೆರೆಯ ಕಡೆಗೇ ವರ್ಗವಾಯಿತು. ಅವಳ ಊರು ಅಲ್ಲಿಂದ ಎರಡು ಮೈಲಿ. ಎರಡು ತಿಂಗಳು ಆ ದಾರಿ ತಪ್ಪಿಸಿ ಓಡಾಡಿದೆ. ಕೊನೆಗೊಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಹೋದೆ. ಯಾರದೋ ಕಬ್ಬಿನ ಗದ್ದೆಯಲ್ಲಿ ಕೂಲಿಗೆ ಕಳೆ ಕೀಳುತ್ತಿದ್ದವಳು ಸೊಂಟ ಎತ್ತಿ ನನ್ನನ್ನು ನೋಡಿದಳು. ಗುರುತು ಹಿಡಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಮುಖ ಒಣಗಿತ್ತು, ಒಂದು ಹಲ್ಲು ಬಿದ್ದಿತ್ತು. ನನ್ನ ಕಂಕುಳಲ್ಲಿದ್ದ ಹಾಜರಿ ಪುಸ್ತಕ ನೋಡಿ ಮಣ್ಣು ಕೈಯಲ್ಲೇ ನನ್ನ ಕೆನ್ನೆ ಸವರಿದಳು.

‘ಮೇಷ್ಟ್ರಾಗ್ಬುಟ್ಯಾ ನನ್ನವ್ವ! ಆವತ್ತು ಎಷ್ಟು ನಂಬ್ರು ಕೊಟ್ರು? ಯಾರ್ನ ಕೇಳನ ಅಂದ್ರೆ ಯಾರವ್ರೆ.’

‘ಇಪ್ಪತ್ಮೂರು ಅತ್ಗೆ.’

‘ಅಷ್ಟೊಂದಾ!’ ಎಂದು ಬಾಯಿ ತುಂಬ ನಕ್ಕಳು. ಬದುವಿನ ಮೇಲೆ ಜಾಗ ಮಾಡಿ ಕೂರಿಸಿಕೊಂಡಳು. ಅವಳ ಆ ಸಂತೋಷವನ್ನು ಹಾಗೇ ಬಿಟ್ಟು ಬಂದಿದ್ದರೆ ಅವಳಿಗೆ ಅಷ್ಟಾದರೂ ಉಳಿಯುತ್ತಿತ್ತು. ನನಗೆ ನನ್ನ ಎದೆಯ ಭಾರ ಇಳಿಸಿಕೊಳ್ಳುವ ಅವಸರ. ಹುಳು ಸತ್ತದ್ದು ನನ್ನಿಂದಲ್ಲ, ಮುಟ್ಟಿನಿಂದಲ್ಲ, ಮೊಟ್ಟೆಯಲ್ಲೇ ರೋಗ ಇತ್ತು, ಒಂಬತ್ತನೆಯ ದಿನ ನೀನು ಕಂಡದ್ದು ಅದನ್ನೇ ಎಂದು ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಕಳೆಯ ಬೇರಿನ ಮಣ್ಣನ್ನು ಬಿಡಿಸುತ್ತಾ ಕೇಳಿದಳು.

‘ಅದ್ಯಾವಾಗ ಗೊತ್ತಾಯ್ತವ್ವ ನಿಂಗೆ?’

ಸುಳ್ಳು ಹೇಳಬಹುದಿತ್ತು. ನಾನು ಬಂದದ್ದೇ ನಿಜ ಹೇಳುವುದಕ್ಕೆ.

‘ಆವಾಗ್ಲೇ ಅತ್ಗೆ. ನಂಬ್ರು ಕೊಟ್ಟ ದಿವ್ಸಾನೇ.’

ಅವಳು ನನ್ನನ್ನು ನೋಡಲಿಲ್ಲ. ಬಿಡಿಸಿದ ಕಳೆಯನ್ನು ಬದುವಿನಾಚೆಗೆ ಎಸೆದಳು, ಎದ್ದು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು.

‘ಒತ್ತಾಯ್ತದೆ, ಓಗಿ ಮೇಷ್ಟ್ರಮ್ಮ’ ಎಂದಳು.

ಅವಳು ನನಗೆ ಬಹುವಚನ ಹಚ್ಚಿ ಮಾತಾಡಿದ್ದು ಅದೇ ಮೊದಲು. ನಾನು ಎದ್ದು ಬಂದೆ. ತಿರುಗಿ ನೋಡಿದಾಗ ಅವಳು ಮುಂದಿನ ಸಾಲಿಗೆ ಬಗ್ಗಿದ್ದಳು.